ವೇಗದ ಹಿಂದಿನ ಲೆಕ್ಕಾಚಾರ

ಪ್ರಿಯ ಕಿರಿಯ ಮಿತ್ರರಿಗೆ,

ಸ್ಫೂರ್ತಿ ಬಂದಾಗ ಒಂದೇ ಪಟ್ಟಿಗೆ ಕುಳಿತು ಬರೆದು ಮುಗಿಸಿದ್ದೇ ನಿಜವಾದ ಬರವಣಿಗೆ, ಅದನ್ನು ಮತ್ತೆ ತಿದ್ದಬಾರದು ಎಂಬ ನಿಮ್ಮ ವಾದಕ್ಕೆ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನನ್ನು ಸಾಕ್ಷಿಯಾಗಿ ಕರೆದಿದ್ದೀರಿ. ನನ್ನ ಮಟ್ಟಿಗೆ ಆ ಸಾಕ್ಷಿ ನಿಮ್ಮ ಪರವಾಗಿ ನುಡಿಯುವುದಿಲ್ಲ.

1888ರ ಫೆಬ್ರುವರಿಯಲ್ಲಿ ಪ್ಯಾರಿಸ್ ಬಿಟ್ಟು ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣಕ್ಕೆ ಬಂದ ಆತ, ಅಲ್ಲಿದ್ದ ಹದಿನೈದು ತಿಂಗಳಲ್ಲಿ ಸುಮಾರು 200 ವರ್ಣಚಿತ್ರಗಳನ್ನೂ ನೂರಕ್ಕೂ ಹೆಚ್ಚು ರೇಖಾಚಿತ್ರಗಳನ್ನೂ ರಚಿಸಿದ್ದು ನಿಜ. ಆದರೆ ಆ ಬೇಸಗೆಯಲ್ಲಿ ತನ್ನ ತಮ್ಮ ಥಿಯೋಗೆ ಬರೆದ ಪತ್ರವೊಂದರಲ್ಲಿ, ಬೇಗ ಬೇಗನೆ ಮುಗಿದ ಈ ಚಿತ್ರಗಳೆಲ್ಲ ಬಹಳ ಮೊದಲೇ ಲೆಕ್ಕ ಹಾಕಿಟ್ಟವು ಎಂದು ಅವನೇ ಹೇಳಿಕೊಂಡಿದ್ದಾನೆ. ಆ ಲೆಕ್ಕಾಚಾರ ಆರ್ಲ್‌ನಲ್ಲಿ ಶುರುವಾದದ್ದೂ ಅಲ್ಲ. 1880ರಲ್ಲಿ ಕಲಾವಿದನಾಗಲು ನಿರ್ಧರಿಸಿದವನು ಮೊದಲು ಮಾಡಿದ ಕೆಲಸಗಳಲ್ಲೊಂದು, ಫ್ರೆಂಚ್ ಕಲಾವಿದ ಶಾರ್ಲ್ ಬಾರ್ಗ್ ಸಿದ್ಧಪಡಿಸಿದ್ದ ಚಿತ್ರಾಭ್ಯಾಸದ ಹಾಳೆಗಳನ್ನು ಮುಂದಿಟ್ಟುಕೊಂಡು ನಕಲು ತೆಗೆದದ್ದು. ಬಣ್ಣಗಳ ಹೊಂದಾಣಿಕೆಯನ್ನು ಪರೀಕ್ಷಿಸಲು ಆತ ಬಳಸುತ್ತಿದ್ದ ಬಣ್ಣದ ಉಣ್ಣೆಯ ಉಂಡೆಗಳು ಇಂದಿಗೂ ಉಳಿದಿವೆ.

ಬರಹಗಾರರಾದ ನಾವು ಹೆಚ್ಚು ಗಮನಿಸಬೇಕಾದದ್ದು, ಚಿತ್ರ ಮುಗಿದ ಮೇಲೆ ಆತ ಮಾಡುತ್ತಿದ್ದ ಕೆಲಸವನ್ನು. ಆ ಬೇಸಗೆಯಲ್ಲಿ ಆತ ತನ್ನದೇ ವರ್ಣಚಿತ್ರಗಳನ್ನು ಎದುರಿಗಿಟ್ಟುಕೊಂಡು, ಜೊಂಡಿನ ಲೇಖನಿಯಿಂದ ಅವನ್ನು ಮತ್ತೆ ರೇಖೆಗಳಲ್ಲಿ ಬರೆದು, ಗೆಳೆಯರಾದ ಎಮಿಲ್ ಬರ್ನಾರ್ಡ್ ಮತ್ತು ಜಾನ್ ರಸಲ್‌ರಿಗೂ ಥಿಯೋಗೂ ಕಳಿಸಿದ. ಬಣ್ಣವೆಲ್ಲ ಕಳಚಿಹೋದಾಗ ಗದ್ದೆಗೆ ಒಂದು ಬಗೆಯ ಗೆರೆ, ಆಕಾಶಕ್ಕೆ ಇನ್ನೊಂದು ಬಗೆಯ ಚುಕ್ಕಿ ಬೇಕಾಗುತ್ತದೆ. ಚಿತ್ರದ ಕಟ್ಟಡ ಗಟ್ಟಿಯಿದೆಯೋ ಇಲ್ಲವೋ ಎಂಬುದು ಅಲ್ಲಿ ಮುಚ್ಚಿಡಲಾಗದಂತೆ ಬಯಲಾಗುತ್ತದೆ. 1888ರ ಆಗಸ್ಟ್‌ನಲ್ಲಿ ಬಿಡಿಸಿದ ಸೂರ್ಯಕಾಂತಿಗಳನ್ನು ಮರುವರ್ಷದ ಜನವರಿಯಲ್ಲಿ, ಅಕ್ಟೋಬರ್‌ನ ಮಲಗುವ ಕೋಣೆಯನ್ನು ಮರುವರ್ಷದ ಸೆಪ್ಟೆಂಬರ್‌ನಲ್ಲಿ ಆತ ಮತ್ತೆ ಚಿತ್ರಿಸಿದ. ಸೂರ್ಯಕಾಂತಿಗಳು ಅಷ್ಟರಲ್ಲಿ ಎಂದೋ ಬಾಡಿಹೋಗಿದ್ದವು. ಎದುರಿಗಿದ್ದದ್ದು ತನ್ನದೇ ಹಿಂದಿನ ಚಿತ್ರ.

ಮಾನಸಿಕ ಕಾಯಿಲೆಯೇ ಅವನ ಪ್ರತಿಭೆಯ ಮೂಲವೆಂಬ ಜನಪ್ರಿಯ ಕಥೆಯನ್ನು ನಾನು ಒಪ್ಪುವುದಿಲ್ಲ. ಆರ್ಲ್ ಬಿಟ್ಟ ಮೇಲೆ ಸೇರಿದ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿ ಕಾಯಿಲೆ ಉಲ್ಬಣಿಸಿದಾಗ ಕುಂಚ ಬಹುಮಟ್ಟಿಗೆ ನಿಲ್ಲುತ್ತಿತ್ತು. ಚೇತರಿಸಿಕೊಂಡಾಗ, ಫ್ರೆಂಚ್ ಚಿತ್ರಕಾರ ಮಿಲೆಯ ಕೃತಿಗಳ ಕಪ್ಪುಬಿಳುಪು ಮುದ್ರಣಗಳನ್ನು ಬಣ್ಣದಲ್ಲಿ ಮರುರಚಿಸುವಂಥ ಶಿಸ್ತಿನ ಕೆಲಸದಿಂದ ಆತ ಕೈಯನ್ನು ಪಳಗಿಸಿಕೊಳ್ಳುತ್ತಿದ್ದ.

ಆದ್ದರಿಂದ ನೀವು ಒಂದೇ ರಾತ್ರಿಯಲ್ಲಿ ಬರೆದೆನೆಂದ ಕಥೆಯ ವೇಗಕ್ಕೆ ನನ್ನ ಆಕ್ಷೇಪವಿಲ್ಲ. ವರ್ಣನೆಗಳನ್ನು ಪೂರ್ತಿ ತೆಗೆದುಹಾಕಿ, ಬರಿಯ ಸಂಭಾಷಣೆಯಲ್ಲಿ ಅದನ್ನು ಇನ್ನೊಮ್ಮೆ ಬರೆಯಿರಿ. ಎರಡು ಪ್ರತಿಗಳನ್ನೂ ಒಟ್ಟಿಗೆ ಕಳಿಸಿದರೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ಕುರಿತು ವಿವರವಾಗಿ ಬರೆಯುತ್ತೇನೆ.

ಇತಿ,
ನಿಮ್ಮ ಹಿತೈಷಿ