ಗೋಡೆ ಮೇಲಿನ ಚೀಲ ನೋಡಿ ಸ್ಪ್ರೇ ಹುಡುಕೋ ಮುಂಚೆ

ಸಂಪಾದಕರೇ,

ಗೋಡೆಗೆ ಅಂಟ್ಕೊಂಡಿರೋ ಬೂದು ಬಣ್ಣದ ಪುಟಾಣಿ ಚೀಲ ಕಂಡ ತಕ್ಷಣ ‘ಬಟ್ಟೆ ತಿನ್ನೋ ಹುಳ ಬಂತು’ ಅಂತ ಸ್ಪ್ರೇ ಡಬ್ಬಿ ಹುಡುಕೋರೇ ಜಾಸ್ತಿ, ನಾನೂ ಅದನ್ನೇ ಮಾಡ್ತಿದ್ದೆ, ಅದಕ್ಕೇ ಈ ಪತ್ರ. ಚೀಲ ಚಪ್ಪಟೆಯಾಗಿ ಕುಂಬಳಬೀಜದ ಥರ, ನಡುವೆ ಅಗಲ, ಎರಡೂ ತುದಿ ಸಣ್ಣ, ಉದ್ದ ಹೆಚ್ಚೂಕಮ್ಮಿ 1 ಸೆಂಟಿಮೀಟರ್ ಇದ್ರೆ ಅದು ಫೆರಿಯೊಯಿಕಾ ಅನ್ನೋ ಪತಂಗದ ಮರಿ ಇರೋ ಚಾನ್ಸೇ ಜಾಸ್ತಿ. ಅದಕ್ಕೆ ಹಳೇ ಜೇಡರ ಬಲೆ ಅಂದ್ರೆ ಪ್ರಾಣ, ಜೊತೆಗೆ ಉದುರಿದ ಕೂದಲು, ಸತ್ತ ಹುಳ, ಸಿಕ್ಕಿದ್ರೆ ಉಣ್ಣೆ. ಬರೀ ಹತ್ತಿ ಅದಕ್ಕೆ ಊಟ ಅಲ್ಲ.

ಒಂದನ್ನ ಹಿಡಿದು ಬಾಟಲಿಲಿಟ್ಟು ಲೆನ್ಸಲ್ಲಿ ನೋಡಿದೆ. ತಲೆ ಹೊರಗೆ ಹಾಕಿ ಮೂರು ಜೊತೆ ಕಾಲಲ್ಲಿ ಮನೇನೇ ಎಳ್ಕೊಂಡು ಹೊರಟಿತ್ತು, ಕಡ್ಡಿ ತಾಗಿಸಿದ್ರೆ ಸರಕ್ಕಂತ ಒಳಗೆ, ಸ್ವಲ್ಪ ಹೊತ್ತಾದ್ಮೇಲೆ ನೋಡ್ತೀನಿ, ಹಿಂದಿನ ಬಾಗಿಲಲ್ಲಿ ತಲೆ! ಚೀಲಕ್ಕೆ ಎರಡು ಕಡೆನೂ ಬಾಯಿ ಇರುತ್ತೆ, ಅಷ್ಟು ಇಕ್ಕಟ್ಟಲ್ಲೂ ಒಳಗೇ ಯೂ ಟರ್ನ್.

ಉಣ್ಣೆಗೆ ನಿಜವಾದ ಶತ್ರು ಟಿನಿಯಾ ಪೆಲಿಯೊನೆಲ್ಲಾ ಅನ್ನೋ ಇನ್ನೊಂದು ಪತಂಗದ ಮರಿ, ಅದರ ಚೀಲ ಕೊಳವೆ ಥರ, ತಿಂತಿರೋ ಬಟ್ಟೆಯ ಎಳೇನೇ ಸೇರಿಸಿ ಕಟ್ಕೊಳ್ಳೋದ್ರಿಂದ ಕೆಂಪು ಶಾಲಲ್ಲಿದ್ರೆ ಚೀಲಾನೂ ಕೆಂಪಗೆ ಕಾಣುತ್ತೆ.

ಗಿಡದಲ್ಲಿ ನೇತಾಡೋ ಕಡ್ಡಿ ಕಟ್ಟುಗಳದ್ದು ಬೇರೆ ಸಂಸಾರ, ಸೈಕಿಡೆ ಅನ್ನೋ ಪತಂಗಗಳ ಕುಟುಂಬ, ಬ್ಯಾಗ್‌ವರ್ಮ್ ಅಂತಾರಲ್ಲ ಅದು. ಅಲ್ಲಿ ಕಡ್ಡಿ ಉದ್ದುದ್ದ ಜೋಡಿಸಿದ್ಯಾ, ಅಡ್ಡಡ್ಡ ಪೇರಿಸಿದ್ಯಾ, ಇಲ್ಲಾ ಎಲೆ ಚೂರಾ ಅಂತ ನೋಡ್ಬೇಕು. ಎಷ್ಟೋ ಜಾತೀಲಿ ಹೆಣ್ಣಿಗೆ ರೆಕ್ಕೇನೇ ಬರಲ್ಲ, ದೊಡ್ಡವಳಾದ್ರೂ ಚೀಲದೊಳಗೇ ಇರ್ತಾಳೆ, ಗಂಡೇ ಹಾರ್ಕೊಂಡು ಹುಡುಕಿ ಬರ್ಬೇಕು. ಮತ್ತೆ ಬೇರೆ ಗಿಡಕ್ಕೆ ಹೆಂಗೆ ಹರಡುತ್ತೆ ಅಂದ್ರೆ, ಆಗಷ್ಟೇ ಹುಟ್ಟಿದ ಮರಿ ರೇಷ್ಮೆ ಎಳೆ ಬಿಟ್ಟು ಗಾಳೀಲಿ ತೇಲ್ಕೊಂಡು ಹೋಗುತ್ತೆ.

ಹಳ್ಳದ ನೀರಲ್ಲಿ ಮರಳು, ಸಣ್ಣ ಕಲ್ಲು ಅಂಟಿಸಿದ ಕೊಳವೆ ಸಿಕ್ಕಿದ್ರೆ ಅದು ಪತಂಗಾನೇ ಅಲ್ಲ, ಕ್ಯಾಡಿಸ್ ನೊಣದ ಮರಿ, ನೆಂಟಸ್ತನ ಮಾತ್ರ ಹತ್ತಿರದ್ದು. ಭತ್ತದ ಗದ್ದೇಲಿ ಎಲೆ ಸುತ್ಕೊಂಡು ತೇಲೋ ಕೊಳವೆ ಹುಳ ಮಾತ್ರ ಪತಂಗಾನೇ.

ಓದುಗರು ಕಳಿಸೋ ಇಂಥ ಫೋಟೋ ಹಾಕುವಾಗ ಪಕ್ಕದಲ್ಲೊಂದು ಬೆಂಕಿಕಡ್ಡಿ ಇಟ್ಟು ತೆಗೀರಿ ಅಂತ ದಯವಿಟ್ಟು ಹೇಳಿ ಸಾರ್, ಯಾವ ಗಿಡ ಅಥವಾ ಯಾವ ಗೋಡೆ ಅನ್ನೋದನ್ನೂ ಬರೀಲಿ, ಚೀಲದ ಎರಡೂ ತುದಿ ಕಾಣ್ಲಿ. ಅಷ್ಟಿದ್ರೆ ಕುಟುಂಬ ಯಾವುದು ಅಂತ ಹೇಳ್ಬಹುದು, ಜಾತಿ ಬೇಕಂದ್ರೆ ಪತಂಗ ಹೊರಗೆ ಬರೋ ತನಕ ಬಾಟಲಿ ಕಾಯ್ಕೊಂಡು ಕೂರ್ಬೇಕು. ನನ್ನದಿನ್ನೂ ಬಂದಿಲ್ಲ.

ಇಂತಿ,
ನಿಮ್ಮ ಓದುಗ