ಹಿಂಚಕ್ರ ಜಾರಿಸುವ ವಿದ್ಯೆ: ಅಪ್ಪನಿಗೆ ಜಪಾನಿನಿಂದ ಒಂದು ಪತ್ರ

ಉತ್ಸುನೊಮಿಯಾ, ಜಪಾನ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆಯೆಂದು ತಮ್ಮ ತಿಳಿಸಿದ, ಸಮಾಧಾನವಾಯಿತು. ನಾನು ಡ್ರಿಫ್ಟಿಂಗ್ ಮಾಡುವ, ಅಂದರೆ ತಿರುವಿನಲ್ಲಿ ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸುವ ವಿಡಿಯೊವನ್ನು ನಿಮಗೆ ತೋರಿಸಿದವನೂ ಅವನೇ ಎಂದು ಗೊತ್ತಾಯಿತು. ಅದನ್ನು ನೋಡಿದ ಮೇಲೆ ನೀವು ಫೋನಿನಲ್ಲಿ ಹೆಚ್ಚು ಮಾತನಾಡಲಿಲ್ಲ. “ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಬಸ್ಸಿನ ಹಿಂಭಾಗ ಜಾರದ ಹಾಗೆ ನೋಡಿಕೊಂಡವನು ನಾನು. ನೀನು ದುಡ್ಡು ಕೊಟ್ಟು ಜಾರಿಸುತ್ತಿದ್ದೀಯಲ್ಲ” ಎಂದಷ್ಟೇ ಹೇಳಿ ಅಮ್ಮನ ಕೈಗೆ ಫೋನ್ ಕೊಟ್ಟುಬಿಟ್ಟಿರಿ. ಆ ಮಾತಿಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ ಅನ್ನಿಸಿತು. ಹಾಗಾಗಿ ಭಾನುವಾರ ಬೆಳಿಗ್ಗೆ ಕುಳಿತು ಬರೆಯುತ್ತಿದ್ದೇನೆ.

ಮೊದಲು ಅಮ್ಮನ ಭಯಕ್ಕೆ ಉತ್ತರ ಕೊಡುತ್ತೇನೆ. ನಾನು ಇದನ್ನು ಊರಿನ ರಸ್ತೆಯಲ್ಲಿ ಮಾಡುತ್ತಿಲ್ಲ. ರಸ್ತೆಯಲ್ಲಿ ಕಾರು ಜಾರಿಸುವುದು ಇಲ್ಲಿ ಅಪರಾಧ. ಒಂದು ಕಾಲದಲ್ಲಿ ಹುಡುಗರು ರಾತ್ರಿ ಹೊತ್ತು ಘಟ್ಟದ ದಾರಿಗಳಲ್ಲಿ ಆಡುತ್ತಿದ್ದರಂತೆ. ಅದನ್ನು ತಡೆಯಲೆಂದೇ ಅಂಥ ತಿರುವುಗಳ ಮೇಲೆ ಉಬ್ಬುಗಳನ್ನು ಹಾಕಿದ್ದಾರೆ. ನಾವು ಓಡಿಸುವುದು ಇದೇ ಊರಿನಲ್ಲಿರುವ ನಿಕ್ಕೊ ಸರ್ಕ್ಯೂಟಿನಲ್ಲಿ. ಒಂದು ಸುತ್ತು ಸುಮಾರು 1.1 ಕಿಲೊಮೀಟರ್, ಹೆಚ್ಚುಕಡಿಮೆ ಸಮತಟ್ಟಾದ ಜಾಗ. ಹೆಲ್ಮೆಟ್, ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಬಾವುಟಗಳ ಅರ್ಥ ಹೇಳಿದ ಮೇಲೆಯೇ ಎಂಜಿನ್ ಚಾಲೂ ಆಗುವುದು. ಕೆಂಪು ಬಾವುಟ ಕಂಡರೆ ಎಷ್ಟೇ ಚೆನ್ನಾಗಿ ಓಡಿಸುತ್ತಿದ್ದರೂ ಅಲ್ಲಿಗೆ ಬಿಡಬೇಕು. ಹೊಸಬರು, ಸ್ವಲ್ಪ ಕಲಿತವರು, ನುರಿತವರು ಎಂದು ಗುಂಪು ಮಾಡಿ ಸರದಿಯ ಮೇಲೆ ಬಿಡುತ್ತಾರೆ.

ಇನ್ನು ನಿಮ್ಮ ಮಾತಿಗೆ ಬರುತ್ತೇನೆ. ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಜೀಪು ಕಲಿಸುವಾಗ ಮಳೆಗಾಲದ ಮಣ್ಣಿನ ರಸ್ತೆಯಲ್ಲಿ ನೀವು ಒಂದು ಮಾತು ಹೇಳಿದ್ದಿರಿ. “ಹಿಂದೆ ಜಾರಿದರೆ ಬ್ರೇಕ್ ತುಳಿಯಬೇಡ. ಎತ್ತ ಜಾರಿತೋ ಅತ್ತಲೇ ಸ್ಟಿಯರಿಂಗ್ ತಿರುಗಿಸು.” ಇಲ್ಲಿ ಕಲಿಸುವವರು ಮೊದಲ ದಿನ ಹೇಳಿದ್ದೂ ಅಕ್ಷರಶಃ ಇದನ್ನೇ. ಚಾರ್ಮಾಡಿಯಲ್ಲಿ ಒಂದು ಕ್ಷಣಕ್ಕೆ ಬಂದು ಹೋಗುವ ಆ ಜಾರುವಿಕೆಯನ್ನು ನಾವು ಇಲ್ಲಿ ಬೇಕೆಂದೇ ಬರಿಸಿ, ತಿರುವಿನ ಉದ್ದಕ್ಕೂ ಕೈಯಲ್ಲಿ ಹಿಡಿದಿಟ್ಟು, ಮುಂದಿನ ತಿರುವಿಗೆ ದಾಟಿಸುತ್ತೇವೆ. ಡ್ರಿಫ್ಟಿಂಗ್ ಎಂದರೆ ಇಷ್ಟೇ, ಅಪ್ಪ. ಕಾರು ಕೈತಪ್ಪಿದ್ದಲ್ಲ ಅದು. ಕೈತಪ್ಪುವ ಗೆರೆ ಎಲ್ಲಿದೆ ಎಂದು ತಿಳಿದು ಅದರ ಮೇಲೆಯೇ ಕಾರನ್ನು ನಿಲ್ಲಿಸುವುದು.

ಟೈರಿಗೆ ನೆಲ ಹಿಡಿಯುವ ಶಕ್ತಿಗೆ ಒಂದು ಮಿತಿ ಇದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಶಕ್ತಿಯನ್ನು ಮುಂದಕ್ಕೆ ತಳ್ಳುವುದಕ್ಕೂ ಅಡ್ಡಕ್ಕೆ ತಡೆಯುವುದಕ್ಕೂ ಟೈರು ಹಂಚಿಕೊಳ್ಳಬೇಕು. ತಿರುವಿನಲ್ಲಿ ಹಿಂಚಕ್ರಕ್ಕೆ ಒಮ್ಮೆಲೇ ಹೆಚ್ಚು ಬಲ ಕೊಟ್ಟರೆ ಅಡ್ಡಕ್ಕೆ ತಡೆಯುವ ಪಾಲು ಉಳಿಯುವುದಿಲ್ಲ, ಹಿಂಭಾಗ ಹೊರಕ್ಕೆ ಬರುತ್ತದೆ. ಎಂಜಿನ್ನಿನ ಬಲ ಹಿಂಚಕ್ರಗಳಿಗೆ ಹೋಗುವ ಗಾಡಿಯೇ ಇದಕ್ಕೆ ಬೇಕು, ನಿಮ್ಮ ಬಸ್ಸಿನಲ್ಲಿ ಇದ್ದಂತೆ. ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಮಾತ್ರ ಬೇರೆ ಬಗೆಯದು. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಹಗುರವಾದ ಒಳಚಕ್ರವೊಂದೇ ಸುಮ್ಮನೆ ಸುತ್ತುತ್ತದೆ. ಎರಡೂ ಹಿಂಚಕ್ರ ಒಟ್ಟಿಗೆ ಎಳೆಯುವಂಥದ್ದನ್ನು ಕೂರಿಸಿದರೆ ಮಾತ್ರ ಕಾರು ಒಂದೇ ಕೋನದಲ್ಲಿ ನಿಲ್ಲುತ್ತದೆ. ಜಾರಿಸಲು ಹಲವು ದಾರಿಗಳಿವೆ: ಹ್ಯಾಂಡ್‌ಬ್ರೇಕ್ ಎಳೆಯಬಹುದು, ಕ್ಲಚ್ಚನ್ನು ಥಟ್ಟನೆ ಒದ್ದು ಬಿಡಬಹುದು, ಇಲ್ಲವೇ ತಿರುವಿಗೆ ಮುಂಚೆ ಒಮ್ಮೆ ಎದುರು ದಿಕ್ಕಿಗೆ ವಾಲಿಸಿ ಭಾರವನ್ನು ಆಚೆಯಿಂದ ಈಚೆಗೆ ಎಸೆಯಬಹುದು. ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಯಂತ್ರದ ಬಲಕ್ಕಿಂತ ಸಮಯಪ್ರಜ್ಞೆ ಹೆಚ್ಚು ಬೇಕು.

ಕಲಿಕೆ ತುಂಬ ನಿಧಾನ. ಮೊದಲು ಒಂದು ಕೋನ್ ಇಟ್ಟು ಅದರ ಸುತ್ತ ಜಾರುತ್ತಲೇ ವೃತ್ತ ಹಾಕಿಸಿದರು. ವೃತ್ತ ಸರಿಯಾಗಿ ಬರುವವರೆಗೆ ಎರಡನೆಯ ಕೋನ್ ಇಡಲಿಲ್ಲ. ಆಮೇಲೆ ಕನ್ನಡದ ಎಂಟರಂತಲ್ಲ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡು ಕೋನ್‌ಗಳ ನಡುವೆ ಆ ಕಡೆಯಿಂದ ಈ ಕಡೆಗೆ ಕಾರನ್ನು ಹೊರಳಿಸಬೇಕು. ಆ ಹೊರಳುವ ಕ್ಷಣದಲ್ಲಿ ಸ್ಟಿಯರಿಂಗನ್ನು ಹಿಡಿಯಬಾರದು, ಬಿಡಬೇಕು. ಮುಂಚಕ್ರಗಳು ತಾವಾಗಿಯೇ ಕಾರು ಹೋಗುತ್ತಿರುವ ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಅಂಗೈ ಸಡಿಲಬಿಟ್ಟು, ಅದು ಸುತ್ತಿ ನಿಲ್ಲಬೇಕಾದ ಕಡೆ ಹಿಡಿದರೆ ಸಾಕು. ಸ್ಟಿಯರಿಂಗ್ ಎಂದೂ ಬಿಡಬೇಡ ಎಂದು ನಿಮ್ಮಿಂದ ಕಲಿತ ಕೈಗಳಿಗೆ ಇದು ಒಗ್ಗಲು ಬಹಳ ಕಾಲ ಹಿಡಿಯಿತು. ನೆಲ ಒದ್ದೆಯಾಗಿದ್ದರೆ ಕಡಿಮೆ ವೇಗದಲ್ಲಿಯೇ ಜಾರುತ್ತದೆ, ಟೈರೂ ಅಷ್ಟಾಗಿ ಸವೆಯುವುದಿಲ್ಲ. ಹಾಗಾಗಿ ಮಳೆ ಬರುವ ದಿನ ಹೊಸಬರಿಗೆಲ್ಲ ಹಬ್ಬ.

ಕಾರಿನ ವಿಷಯ ತಮ್ಮ ಹೇಳಿರಬಹುದು. ಹಳೆಯ ಟೊಯೋಟಾ ಮಾರ್ಕ್ 2, ನಾಲ್ಕು ಬಾಗಿಲಿನದು, ಎರಡೂವರೆ ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್. ಕಾರ್ಖಾನೆಯಿಂದ ಬಂದಾಗ 280 ಅಶ್ವಶಕ್ತಿ. ಜಪಾನಿನ ಕಂಪನಿಗಳೆಲ್ಲ ಅದಕ್ಕಿಂತ ಹೆಚ್ಚು ತೋರಿಸುವುದಿಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡು 2004ರವರೆಗೆ ಆ ಮಾತಿನಂತೆ ನಡೆದಿದ್ದವು. ಬಸ್ಸಿಗೆ ನೀವು ಎಫ್‌ಸಿ ಮಾಡಿಸುತ್ತಿದ್ದಂತೆ ಇದಕ್ಕೂ ಎರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ತಪಾಸಣೆ ಆಗಲೇಬೇಕು, ಆಗಿದೆ. ಹಿಂದಿನ ಸೀಟಿನಲ್ಲಿ ನಾಲ್ಕು ಹಳೆಯ ಟೈರು ಪೇರಿಸಿಕೊಂಡು ಇದರಲ್ಲಿಯೇ ಸರ್ಕ್ಯೂಟಿಗೆ ಹೋಗಿ, ಸಂಜೆ ಇದರಲ್ಲಿಯೇ ಮನೆಗೆ ಬರುತ್ತೇನೆ. ಇಲ್ಲಿಯೂ ನಮ್ಮಂತೆಯೇ ಎಡಗಡೆಯ ಸಂಚಾರ. ಟೈರಿನ ಖರ್ಚು ನನ್ನ ಸಂಬಳದಲ್ಲಿ ನಾನೇ ಎತ್ತಿಟ್ಟ ಭಾಗದಿಂದ ಹೋಗುತ್ತದೆ. ಮನೆಗೆ ಕಳುಹಿಸುವ ಹಣಕ್ಕೆ ಅದು ಕೈಹಾಕುವುದಿಲ್ಲ.

ಇದು ಪುಂಡರ ಆಟ ಎಂದು ನಿಮಗೆ ಅನ್ನಿಸಿದ್ದರೆ ಅದರ ಮೂಲಪುರುಷನ ಬಗ್ಗೆ ಹೇಳಬೇಕು. ಕುನಿಮಿತ್ಸು ತಾಕಾಹಾಶಿ ಎಂಬವರು. 1961ರಲ್ಲಿ ಪಶ್ಚಿಮ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಹೋಂಡಾದ 250 ಸಿಸಿ ಬೈಕಿನಲ್ಲಿ ಗೆದ್ದು, ವಿಶ್ವ ಚಾಂಪಿಯನ್‌ಷಿಪ್ಪಿನ ಬೈಕ್ ರೇಸ್ ಗೆದ್ದ ಮೊದಲ ಜಪಾನೀಯರಾದರು. ಆಮೇಲೆ ಕಾರಿಗೆ ಬಂದರು. 1970ರ ದಶಕದ ರೇಸುಗಳಲ್ಲಿ ತಿರುವಿಗೆ ಅತಿ ವೇಗದಲ್ಲಿ ನುಗ್ಗಿ, ಕಾರನ್ನು ಅಡ್ಡಡ್ಡ ಜಾರಿಸಿಕೊಂಡೇ ಹೊರಬರುತ್ತಿದ್ದರಂತೆ. ಅದನ್ನು ನೋಡಿ ಮರುಳಾದವರು ಕೇಯಿಚಿ ತ್ಸುಚಿಯಾ. ಘಟ್ಟದ ದಾರಿಗಳಲ್ಲಿ ಅಭ್ಯಾಸ ಮಾಡಿ ಮೇಲೆ ಬಂದ ಅವರನ್ನು ಇಡೀ ದೇಶ ಡ್ರಿಫ್ಟ್ ಕಿಂಗ್ ಎಂದು ಕರೆಯುತ್ತದೆ. 2000ದ ಸುಮಾರಿಗೆ ಡಿ1 ಎಂಬ ವೃತ್ತಿಪರ ಸ್ಪರ್ಧೆ ಶುರುವಾಯಿತು. 2017ರಲ್ಲಿ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆ ಎಫ್‌ಐಎ ಟೋಕಿಯೊದಲ್ಲಿ ಇದಕ್ಕೊಂದು ಕಪ್ ನಡೆಸಿತು. ಪುಂಡಾಟವಾಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ನಾನು ಸ್ಪರ್ಧಿಸಿದ್ದು ಹೊಸಬರ ವಿಭಾಗದ ಸ್ಥಳೀಯ ಸ್ಪರ್ಧೆಗಳಲ್ಲಿ. ಇಲ್ಲಿ ಗಡಿಯಾರ ಹಿಡಿಯುವುದಿಲ್ಲ. ಯಾರು ಮೊದಲು ಬಂದರು ಎಂಬ ಪ್ರಶ್ನೆಯೇ ಇಲ್ಲ. ತೀರ್ಪುಗಾರರು ಮೇಲೆ ಕುಳಿತು ಕಾರು ಎಷ್ಟು ಕೋನದಲ್ಲಿ ನಿಂತಿದೆ, ವೇಗ ಎಷ್ಟಿದೆ, ಅವರು ಹೇಳಿದ ಗೆರೆಯಲ್ಲೇ ಹೋಯಿತೇ ಎಂದು ನೋಡುತ್ತಾರೆ. ತಿರುವಿನ ಒಳಗಡೆ ಒಂದು ಕೋನ್, ಕಾರಿನ ಮೂತಿ ಅದರ ಪಕ್ಕಕ್ಕೆ ಹೋಗಬೇಕು. ಹೊರಗಡೆ ಬಣ್ಣ ಬಳಿದ ಪಟ್ಟಿ, ಹಿಂಚಕ್ರ ಅದರ ಮೇಲೆ ಹಾಯಬೇಕು. ಕಾರು ಗಿರ್ರನೆ ಸುತ್ತಿ ನಿಂತರೆ ಸೊನ್ನೆ. ನನ್ನ ಮೊದಲ ಸ್ಪರ್ಧೆಯ ದಿನ ಮಧ್ಯಾಹ್ನ ಮೋಡ ಸರಿದು ಒದ್ದೆ ನೆಲ ಅರ್ಧಂಬರ್ಧ ಒಣಗಿತ್ತು. ಒದ್ದೆಯಲ್ಲಿ ಜಾರಿದ ಟೈರು ಒಣ ಪಟ್ಟಿ ಸಿಕ್ಕೊಡನೆ ಫಕ್ಕನೆ ಹಿಡಿದು ಕಾರನ್ನು ಎದುರು ದಿಕ್ಕಿಗೆ ಎಸೆಯಿತು. ಸೊನ್ನೆಯೇ ಬಂತು. ಆದರೆ ಅಳುಕು ಹೋಗಿದ್ದೂ ಆ ದಿನವೇ. ಎಲ್ಲರೂ ನೋಡುತ್ತಿರುವಾಗ ಗೇಟಿನಲ್ಲಿ ಒಬ್ಬಳೇ ನಿಂತು, ಬಾವುಟ ಬೀಳುವ ತನಕ ಕಾಯುವಾಗ ಹೊಟ್ಟೆಯಲ್ಲಿ ಆಗುವ ಸಂಕಟವನ್ನು ಯಾವ ಅಭ್ಯಾಸವೂ ಕಲಿಸುವುದಿಲ್ಲ.

ಒಂಟಿ ಓಟದಲ್ಲಿ ಆಯ್ಕೆಯಾದರೆ ಜೋಡಿ ಓಟ. ಇದನ್ನೇ ನಿಮಗೆ ಮುಖ್ಯವಾಗಿ ಹೇಳಬೇಕೆಂದಿದ್ದೆ. ಎರಡು ಕಾರು ಒಟ್ಟಿಗೆ ಹೊರಡುತ್ತವೆ, ಎರಡೂ ಅಡ್ಡಡ್ಡ. ಮುಂದಿನವನು ಗೆರೆಯನ್ನು ತಪ್ಪದೆ ಓಡಿಸಬೇಕು. ಹಿಂದಿನವನು ಅವನಷ್ಟೇ ಕೋನದಲ್ಲಿ, ಅವನ ಬಾಗಿಲಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಇರಬೇಕು. ಆಮೇಲೆ ಜಾಗ ಅದಲುಬದಲು. ಮುಂದೊಂದು ಸ್ಪರ್ಧೆಯಲ್ಲಿ ನನಗೆ ಎದುರಾಳಿಯಾಗಿ ಸಿಕ್ಕವರು ತರಕಾರಿ ಅಂಗಡಿ ಇಟ್ಟಿರುವ, ನಿಮ್ಮದೇ ವಯಸ್ಸಿನ ಒಬ್ಬರು. ಓಟಕ್ಕೆ ಮುಂಚೆ ಬಂದು, ಯಾವ ಜಾಗದಲ್ಲಿ ತಾವು ಕಾರನ್ನು ಅಡ್ಡ ಮಾಡುತ್ತೇವೆ, ಎಲ್ಲಿ ವೇಗ ತಗ್ಗುತ್ತದೆ ಎಂದು ಕೈಯಲ್ಲಿ ತೋರಿಸಿ ಹೇಳಿದರು. ನನ್ನ ಹಿಂದಿನ ಬಂಪರನ್ನು ನೋಡಬೇಡಿ, ಮುಂಚಕ್ರ ನೋಡಿ, ಅದು ನಾನು ಏನು ಮಾಡಲಿದ್ದೇನೆಂದು ಮೊದಲೇ ಹೇಳುತ್ತದೆ ಎಂದರು. ಸ್ಪರ್ಧಿಗೆ ಇದನ್ನೆಲ್ಲ ಯಾಕೆ ಹೇಳಬೇಕು? ಆದರೆ ಮುಂದಿನವನು ನಂಬಿಕೆಗೆ ತಕ್ಕ ಹಾಗೆ ಓಡಿಸದಿದ್ದರೆ ಹಿಂದಿನವನು ಹತ್ತಿರ ಬರಲಾರ. ಹಿಂದಿನವನು ಹತ್ತಿರ ಬಾರದಿದ್ದರೆ ಆಟವೇ ಇಲ್ಲ. ನಾನು ಅವರ ಮುಂಚಕ್ರ ನೋಡುತ್ತಾ ಹೊರಟೆ. ಹೊಗೆಯಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಅವರ ಚಕ್ರ ಹೊರಳಿದ ಕೂಡಲೇ ನನ್ನ ಕೈ ತಾನೇ ಸಡಿಲವಾಯಿತು, ಕಾರು ಅವರ ಕಾರಿನ ಜೊತೆಗೇ ಹೊರಳಿತು.

ಹೇರ್‌ಪಿನ್ ತಿರುವಿನಲ್ಲಿ ಲಾರಿಯೊಂದು ಹತ್ತಿ ಬರುವಾಗ ನೀವು ಬಸ್ಸು ನಿಲ್ಲಿಸಿ, ಆ ಡ್ರೈವರಿನ ಕಣ್ಣು ನೋಡಿ, ಕನ್ನಡಿಗಳ ನಡುವೆ ನಾಲ್ಕು ಬೆರಳಿನ ಅಂತರದಲ್ಲಿ ದಾಟಿಸುತ್ತಿದ್ದಿರಲ್ಲ, ಚಿಕ್ಕವಳಿದ್ದಾಗ ಮುಂದಿನ ಸೀಟಿನಲ್ಲಿ ಕುಳಿತು ನೋಡುತ್ತಿದ್ದ ನನಗೆ ಅದು ಮಂತ್ರದಂತೆ ಕಾಣುತ್ತಿತ್ತು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಹೇಗೆ ಅಷ್ಟು ನಂಬುತ್ತಾರೆ ಎಂದು ಈ ಓಟದಲ್ಲಿ ನನಗೆ ಗೊತ್ತಾಯಿತು. ಅವರು ಗೆದ್ದರು, ನನಗೆ ಅದರ ಬೇಸರವಿಲ್ಲ. ಸಂಜೆ ನಾವೆಲ್ಲ ಪೊರಕೆ ಹಿಡಿದು ಟ್ರ್ಯಾಕಿನ ಮೇಲಿನ ರಬ್ಬರ್ ಚೂರು ಗುಡಿಸುವಾಗ ಒಂದು ಚೀಲ ಮೂಲಂಗಿ ನನ್ನ ಕಾರಿನಲ್ಲಿ ಇಟ್ಟು ಹೋದರು.

ಮುಂದೆ ಎಬಿಸು ಸರ್ಕ್ಯೂಟಿಗೆ ಹೋಗಬೇಕೆಂದಿದ್ದೇನೆ. ಇಲ್ಲಿಂದ ಉತ್ತರಕ್ಕೆ, ಫುಕುಶಿಮಾ ಪ್ರಾಂತದ ನಿಹೊನ್‌ಮತ್ಸು ಎಂಬಲ್ಲಿ, ಬೆಟ್ಟದ ಮೈಮೇಲೆ ಹಲವು ಟ್ರ್ಯಾಕುಗಳಿವೆ. ಪಕ್ಕದಲ್ಲೇ ಸಿಂಹಗಳಿರುವ ಸಫಾರಿ ಪಾರ್ಕು. ದಕ್ಷಿಣದ ಟ್ರ್ಯಾಕಿನ ಒಂದು ಏರಿನಲ್ಲಿ ಕಾರು ಅಡ್ಡ ನಿಂತೇ ನೆಲ ಬಿಟ್ಟು ಹಾರುತ್ತಿದ್ದುದು ಹೆಸರುವಾಸಿ. ಅಂಥದ್ದಕ್ಕೆ ನಾನು ಇನ್ನೂ ಸಿದ್ಧಳಲ್ಲ, ಅಮ್ಮನಿಗೆ ಈ ಸಾಲು ಓದಿ ಹೇಳಬೇಡಿ. 2021ರ ಫೆಬ್ರುವರಿ 13ರ ರಾತ್ರಿ ಫುಕುಶಿಮಾ ಕರಾವಳಿಯಾಚೆ 7.3 ಪ್ರಮಾಣದ ಭೂಕಂಪವಾದಾಗ ಗುಡ್ಡ ಜರಿದು ಅಲ್ಲಿನ ಪಶ್ಚಿಮದ ಟ್ರ್ಯಾಕನ್ನು ಮುಚ್ಚಿಬಿಟ್ಟಿತು. ಆ ಚಿತ್ರ ನೋಡಿದಾಗ 2019ರ ಆಗಸ್ಟಿನ ಚಾರ್ಮಾಡಿಯೇ ಕಣ್ಣ ಮುಂದೆ ಬಂತು. ಅಂಥ ಪೆಟ್ಟು ತಿಂದ ಮೇಲೂ ಉಳಿದ ಟ್ರ್ಯಾಕುಗಳಲ್ಲಿ ಮತ್ತೆ ಕಾರು ಓಡಿಸಿದರು.

ಅಪ್ಪ, ವಸಂತದಲ್ಲಿ ನೀವು ಮತ್ತು ಅಮ್ಮ ಇಲ್ಲಿಗೆ ಬರುವ ಮಾತಾಗಿತ್ತಲ್ಲ, ಅದನ್ನು ಮುಂದೂಡಬೇಡಿ. ಅಭ್ಯಾಸದ ದಿನಗಳಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳಲು ಕೆಲವು ಕಡೆ ಅನುಮತಿ ಕೊಡುತ್ತಾರೆ. ನೀವು ಒಮ್ಮೆ ಕುಳಿತು ನೋಡಬೇಕು. ನನ್ನ ಕ್ಲಚ್ಚಿನಲ್ಲಿ, ಕೈಯಲ್ಲಿ ಏನು ಸರಿಯಿಲ್ಲ ಎಂದು ನೀವು ಹೇಳುವಷ್ಟು ನೇರವಾಗಿ ಇಲ್ಲಿ ಯಾರೂ ಹೇಳುವುದಿಲ್ಲ. ವೀಸಾಕ್ಕೆ ನಾನು ಕಳುಹಿಸಬೇಕಾದ ಆಹ್ವಾನ ಪತ್ರ ಮತ್ತು ಉಳಿದ ಕಾಗದಗಳು ತಯಾರಾಗಿವೆ. ನಿಮ್ಮಿಬ್ಬರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿಯನ್ನು ತಮ್ಮನಿಂದ ಕಳುಹಿಸಿಕೊಡಿ. ಜೊತೆಗೆ ಅಮ್ಮನ ಹೊಲಿಗೆಯ ಟೇಪು ತೆಗೆದುಕೊಂಡು, ಹುಬ್ಬಿನ ಸ್ವಲ್ಪ ಮೇಲೆ ನಿಮ್ಮ ತಲೆಯ ಸುತ್ತಳತೆ ತೆಗೆದು ಸೆಂಟಿಮೀಟರಿನಲ್ಲಿ ಬರೆದು ಕಳುಹಿಸಿ. ಹೆಲ್ಮೆಟ್ ಈಗಲೇ ಕೊಂಡಿಡುತ್ತೇನೆ.

ಅಮ್ಮನಿಗೆ, ಅಜ್ಜಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು