ಮಕ್ಕಳಿಗೂ ಜಾಗ ಇರುವ ಧ್ಯಾನ ಶಿಬಿರ

ಮಾನ್ಯರೇ,

ಧ್ಯಾನ ಶಿಬಿರ ಅಂದರೆ ಮಕ್ಕಳನ್ನು ಅಜ್ಜಿಮನೆಯಲ್ಲಿ ಬಿಟ್ಟು ಹೋಗುವುದು ಅಂತಲೇ ತಿಳಿದಿದ್ದೆ. ವಿಪಶ್ಯನ ಶಿಬಿರಕ್ಕೆ 10 ದಿನ ಬೇಕು, ಮಾತೂ ಆಡುವ ಹಾಗಿಲ್ಲ. ಪುಟ್ಟ ಮಕ್ಕಳಿರುವವರಿಗೆ ಅದು ಆಗಿ ಹೋಗುವ ಮಾತಲ್ಲ. ಹಾಗಾಗಿ ಕಾಪು ಹತ್ತಿರ ಕಳೆದ ಶನಿವಾರ, ಭಾನುವಾರ ನಡೆದ ಶಿಬಿರಕ್ಕೆ 'ಮಕ್ಕಳನ್ನೂ ಕರೆತನ್ನಿ' ಅಂದಾಗ ಅನುಮಾನದಿಂದಲೇ ಹೋದೆವು.

ದೊಡ್ಡವರಿಗೆ ಅರ್ಧ ಗಂಟೆ, ಮಕ್ಕಳಿಗೆ ಐದೇ ನಿಮಿಷ. ಹೊಟ್ಟೆಯ ಮೇಲೆ ತೆಂಗಿನ ಗೆರಟೆ ಇಟ್ಟು ಮಲಗಿ, ಅದು ಏರಿ ಇಳಿಯುವುದನ್ನು ನೋಡುವುದೇ ಅವರ ಧ್ಯಾನ. ನನ್ನ ಆರು ವರ್ಷದ ಮಗನ ಗೆರಟೆ ಮೂರು ಸಲ ಉರುಳಿತು. ಯಾರೂ ಗದರಲಿಲ್ಲ. ಮಧ್ಯಾಹ್ನ ಎಲ್ಲರೂ ಸೇರಿ ಅಲಸಂಡೆ ಹೆಚ್ಚಿದೆವು, ಕುಚ್ಚಲಕ್ಕಿ ಗಂಜಿ ಉಂಡೆವು. ತಮಾಷೆ ಅಂದರೆ, ನನ್ನ ಪಕ್ಕ ಕೂತು ಹೆಚ್ಚಿದವರು ನಮ್ಮದೇ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯವರು! ನಾಲ್ಕು ವರ್ಷದಿಂದ ಲಿಫ್ಟಿನಲ್ಲಿ ಸುಮ್ನೆ ತಲೆ ಆಡಿಸುತ್ತಿದ್ದೆವು, ಅಷ್ಟೆ.

2024ರಲ್ಲಿ ವಿಶ್ವಸಂಸ್ಥೆ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಅಂತ ಘೋಷಿಸಿತು. ಆ ದಿನ ಭಾಷಣ, ಫೋಟೊಗಳೇ ಜಾಸ್ತಿ ಆಗುವ ಬದಲು ಉಡುಪಿಯ ಶಾಲೆಗಳ ಸಭಾಂಗಣದಲ್ಲಿ ಇಂಥದ್ದೊಂದು ನಡೆಸಬಹುದಲ್ವಾ? ಚಾಪೆ ಮನೆಯಿಂದಲೇ ತರುತ್ತೇವೆ.

– ಓದುಗಿ, ಉಡುಪಿ